ನಂದು ಆಮೇಲೆ

ಸಾಮಣ್ಣ ಊಟ ಮಾಡುವುದನ್ನು ನಮ್ಮ ಚರ್ಚಿನ ಸಭೆಯಲ್ಲಿ ಯಾರೂ ನೋಡಿದವರಿಲ್ಲ. ಮದುವೆಯ ಊಟವಿರಲಿ, ಕ್ರಿಸ್‌ಮಸ್ ಊಟವಿರಲಿ, ಯುವಜನರ ಶಿಬಿರವಿರಲಿ, ಅವರ ಕೈಯಲ್ಲಿ ಸಾರಿನ ಬಕೆಟ್ಟು ಇರುತ್ತಿತ್ತು, ಭುಜದ ಮೇಲೆ ಕೆಂಪು ಚೌಕಳಿಯ ಟವೆಲ್ಲು ಇರುತ್ತಿತ್ತು, ಎದುರಿಗೆ ತಟ್ಟೆ ಮಾತ್ರ ಇರುತ್ತಿರಲಿಲ್ಲ. "ನೀವೂ ಕೂತ್ಕೊಳ್ಳಿ ಅಣ್ಣ" ಎಂದರೆ "ನಂದು ಆಮೇಲೆ, ತಂಗಚ್ಚಿ" ಎಂದು ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದರು. ನನ್ನ ಮಗಳು ಪ್ರಿಯಾ ಚಿಕ್ಕವಳಿದ್ದಾಗ ಒಮ್ಮೆ ನನ್ನ ಸೆರಗು ಜಗ್ಗಿ ಕೇಳಿದ್ದಳು: "ಅಮ್ಮ, ಸಾಮಣ್ಣ ಅಂಕಲ್‌ಗೆ ಹೊಟ್ಟೇನೇ ಇಲ್ವಾ?"

ಅವರ ಪೂರ್ತಿ ಹೆಸರು ಸಮುವೇಲ. ಭದ್ರಾವತಿಯವರು. ಅವರ ತಂದೆ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದು ಅಲ್ಲೇ ನಿಂತವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಹುಡುಗರೆಲ್ಲ ಅವರಿಗೆ ತಂಬಿ, ನಮ್ಮಂಥ ಹೆಂಗಸರು ತಂಗಚ್ಚಿ. ಸಭೆಯ ಎದುರಿನ ಸ್ಟ್ಯಾಂಡಿನಲ್ಲಿದ್ದ ಆಟೋದವನು ಸಾಮಣ್ಣ ಎಂಬ ಹೆಸರು ಕೇಳಿ ಬಹಳ ವರ್ಷ ಅವರನ್ನು ಯಾವುದೋ ಹಳ್ಳಿಯ ಗೌಡರೆಂದೇ ತಿಳಿದಿದ್ದ. "ಗೌಡ್ರೇ, ಈ ಸಲ ಅಡಿಕೆ ಹೆಂಗೆ?" ಎಂದು ಕೇಳಿದರೆ ಇವರು ಗಂಭೀರವಾಗಿ "ಪರ್ವಾಗಿಲ್ಲ ಮಾರಾಯ, ಕೊಳೆರೋಗ ಕಮ್ಮಿ" ಎಂದು ಹೇಳಿ ಒಳಗೆ ಬಂದು ನಗುತ್ತಿದ್ದರು.

ಭಾನುವಾರ ಬೆಳಗಿನ ಬಸ್ಸಿಗೆ ಭದ್ರಾವತಿಯಿಂದ ಹೊರಟು ಶಿವಮೊಗ್ಗಕ್ಕೆ ಬಂದು, ಆರಾಧನೆ ಮುಗಿದ ಮೇಲೆ ಯುವಜನರ ಕೂಟ ನಡೆಸುವುದು ಅವರು ತಾವೇ ಹೊತ್ತುಕೊಂಡ ಕೆಲಸ. ಕೂಟದ ಚಹಾ ನಮ್ಮ ಮನೆಯಿಂದ ಹೋಗುತ್ತಿತ್ತು. ರವೀಂದ್ರನಗರದಿಂದ ದುರ್ಗಿಗುಡಿಯ ಚರ್ಚಿನವರೆಗೆ ಫ್ಲಾಸ್ಕು ಹಿಡಿದು ಆಟೋದಲ್ಲಿ ಕೂರುವುದೇ ನನ್ನ ಪಾಲಿನ ಸೇವೆ. ಒಂದು ದಿನವೂ ಚೆಲ್ಲಲಿಲ್ಲ, ದೇವರಿಗೆ ಸ್ತೋತ್ರ. ಬಾಗಿಲ ಹತ್ತಿರ ನಿಂತು ನಾನು ನೋಡಿದ್ದು ಇಷ್ಟು: ಸಾಮಣ್ಣ ಉಪದೇಶ ಮಾಡುವುದು ಬಹಳ ಕಡಿಮೆ. ಹುಡುಗರಿಗೆ ಕೆಲಸ ಕೊಡುತ್ತಿದ್ದರು. ಅದೂ ಎಂಥವರಿಗೆ? ತೊದಲುವವನಿಗೆ ಬೈಬಲ್ ವಾಕ್ಯ ಓದುವ ಕೆಲಸ. ಯಾವಾಗಲೂ ತಡವಾಗಿ ಬರುವವನಿಗೆ ಕೂಟದ ಕೋಣೆಯ ಬಾಗಿಲು ತೆಗೆಯುವ ಕೆಲಸ. ಬೀಗದ ಕೈ ಅವನ ಹತ್ತಿರವೇ ಕೊಟ್ಟುಬಿಟ್ಟರು. ಅವನು ಬರುವ ತನಕ ಎಲ್ಲರೂ ಬಿಸಿಲಲ್ಲಿ ನಿಂತೆವು. ಎರಡು ಭಾನುವಾರ ಆಯಿತು, ಮೂರನೆಯದಕ್ಕೆ ಅವನೇ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದಿಟ್ಟಿದ್ದ.

ಪ್ರಿಯಾ ಪಿಯುಸಿಯಲ್ಲಿ ಫೇಲಾದ ವರ್ಷ ಅವಳು ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಪಕ್ಕದ ಮನೆಯವರು ಬಂದು ಸಮಾಧಾನ ಹೇಳಿದಷ್ಟೂ ಅವಳ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಸಾಮಣ್ಣ ಬಂದ ದಿನ ನಾನು ನಡುಮನೆಯಲ್ಲಿ ವರ್ಷದ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸುತ್ತಿದ್ದೆ. ಅವರು ನೆಲದ ಮೇಲೆ ಕೂತು ತಾವೂ ಬಿಡಿಸತೊಡಗಿದರು. ಮಗಳ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಕಾರ್ಖಾನೆಯ ಕಥೆ, ಬಸ್ಸಿನ ಕಂಡಕ್ಟರನ ಕಥೆ, ಮೆಣಸಿನಪುಡಿಯ ಕಥೆ. ಬಹಳ ಹೊತ್ತಾದ ಮೇಲೆ ಪ್ರಿಯಾ ನೀರು ಕುಡಿಯಲು ಹೊರಗೆ ಬಂದಳು.

"ಪಾಪು, ನಿಮ್ಮಮ್ಮ ನಂಗೆ ಬರೀ ನಾರಿರೋದೇ ಕೊಡ್ತಾ ಇದಾರೆ, ಒಳ್ಳೇದೆಲ್ಲ ಅವ್ರ ಕಡೆಗೆ" ಎಂದರು ಸಾಮಣ್ಣ. "ಬಾ, ನ್ಯಾಯ ಹೇಳು."

ಅವಳು ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಆದರೆ ಬಂದು ಕೂತಳು. ಕೈಗೆ ಹುಣಸೆ ಮೆತ್ತಿಕೊಂಡ ಮೇಲೆ ಎದ್ದು ಹೋಗುವುದು ಹೇಗೆ? ಹೊರಡುವಾಗ ಅವರು ಒಂದು ಹುಣಸೆ ಚೂರು ಚಪ್ಪರಿಸಿಕೊಂಡು, "ಭಾನುವಾರ ಚಿಕ್ಕ ಮಕ್ಕಳಿಗೆ ಹಾಡು ಕಲ್ಸೋಕೆ ಯಾರೂ ಇಲ್ಲ. ನೀನು ಬರ್ತೀಯ" ಎಂದರು. ಕೇಳಲಿಲ್ಲ, ಹೇಳಿದರು. ಅವಳು ಹೋದಳು. ಸಪ್ಲಿಮೆಂಟರಿಯಲ್ಲಿ ಪಾಸೂ ಆದಳು. ಕೆಲವು ವರ್ಷಗಳ ಮೇಲೆ ಯುವಜನರ ಕೂಟಕ್ಕೆ ಅವಳೇ ಸೆಕ್ರೆಟರಿ. ಅದನ್ನೆಲ್ಲ ನಾನು ಸುಮ್ಮನೆ ಎಣಿಸಿಕೊಳ್ಳುತ್ತೇನೆ.

ಸಾಮಣ್ಣನ "ನಂದು ಆಮೇಲೆ" ಎಂಬ ಮಾತು ಹುಡುಗರಿಗೆ ಎಷ್ಟು ಹತ್ತಿತ್ತು ಎಂದರೆ, ಒಂದು ಬೇಸಿಗೆ ಶಿಬಿರದಲ್ಲಿ ಅದೇ ಫಜೀತಿಯಾಯಿತು. ದೊಡ್ಡವನಾಗಬೇಕೆನ್ನುವವನು ಮೊದಲು ಬಡಿಸುವವನಾಗಬೇಕು ಎಂದು ಬೆಳಿಗ್ಗೆ ಸಾಮಣ್ಣ ಪಾಠ ಮಾಡಿದ್ದರು. ಮಧ್ಯಾಹ್ನ ಊಟದ ಗಂಟೆ ಹೊಡೆದರೆ ಯಾರೂ ಕೂರುತ್ತಿಲ್ಲ. ಒಬ್ಬ ಸೌಟು ಹಿಡಿದ, ಇನ್ನೊಬ್ಬ ಉಪ್ಪಿನ ಬಟ್ಟಲು ಹಿಡಿದ, ಸೌಟು ಸಿಗದವರು ನೀರಿನ ಜಗ್ಗಿಗೆ ಕಿತ್ತಾಡಿದರು. "ನೀನು ಕೂತ್ಕೋ." "ನಂದು ಆಮೇಲೆ, ನೀನು ಕೂತ್ಕೋ." ಹಾಸಿದ ಎಲೆಗಳು ಫ್ಯಾನಿನ ಗಾಳಿಗೆ ಹಾರತೊಡಗಿದವು. ಅಡುಗೆಯ ಕರೀಂ ಸಾಬರು ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅರೆ ಸಾಮಣ್ಣ, ಏನ್ರೀ ಇದು ತಮಾಷೆ? ಬಡಿಸೋರೇ ಎಲ್ಲ, ತಿನ್ನೋರು ಒಬ್ರೂ ಇಲ್ಲ! ನನ್ ಬಿರಿಯಾನಿ ಏನ್ ಗೋಡೆಗೆ ಬಳೀಲಾ?"

ಸಾಮಣ್ಣ ಹೊಟ್ಟೆ ಹಿಡಿದು ನಕ್ಕರು. "ತಂಬಿಗಳಾ, ತಿನ್ನೋದೂ ಸೇವೇನೇ ಕಣ್ರೋ, ಕೂತ್ಕೊಳ್ಳಿ!" ಎಂದು ಕೂಗಿ ಒಬ್ಬೊಬ್ಬರ ಭುಜ ಒತ್ತಿ ಕೂರಿಸಿದರು. ಕರೀಂ ಸಾಬರು ಆಗ ಅವರನ್ನೇ ನೋಡಿ, "ಮತ್ತೆ ನೀವು?" ಎಂದರು. ಸಾಮಣ್ಣ ಅಷ್ಟರಲ್ಲಿ ಬಕೆಟ್ಟು ಎತ್ತಿಕೊಂಡಾಗಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಇತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಹೊತ್ತು ಹೊತ್ತಿಗೆ ತಿನ್ನಬೇಕಾದ ಮನುಷ್ಯ ಎಲ್ಲರ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ತಳದಲ್ಲಿದ್ದದ್ದನ್ನು ತಿನ್ನುತ್ತಿದ್ದರಂತೆ. ಅವರು ಊಟಕ್ಕೆ ಕೂರದಿರುವುದನ್ನೇ ನಾವು ಮೆಚ್ಚುತ್ತಿದ್ದೆವು.

ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ನೆನೆದು, ಶುಭ ಶುಕ್ರವಾರದ ಹಿಂದಿನ ಸಂಜೆ ನಮ್ಮ ಸಭೆಯಲ್ಲಿ ಪಾದ ತೊಳೆಯುವ ಆರಾಧನೆ ಇರುತ್ತದೆ. ಯುವಜನರ ಪಾದ ತೊಳೆಯುವವರು ಯಾವಾಗಲೂ ಸಾಮಣ್ಣ. ಕೆಲವರು ಮೇಲೆ ಮೇಲೆ ನೀರು ಚಿಮುಕಿಸಿ ಒರೆಸಿಬಿಡುತ್ತಾರೆ. ಇವರು ಹಾಗಲ್ಲ. ಬಿಸಿನೀರು ಬೆರೆಸಿ, ಹಿಮ್ಮಡಿ ಉಜ್ಜಿ, ಬೆರಳ ಸಂದಿಯನ್ನೂ ಒರೆಸುತ್ತಿದ್ದರು. ಹುಡುಗರು ಕಚಗುಳಿಗೆ ನಗುತ್ತಾ ಕೂತವರು ಎದ್ದು ಹೋಗುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು.

ಪ್ರಿಯಾ ಸೆಕ್ರೆಟರಿಯಾದ ವರ್ಷ ಅವಳು ಮತ್ತು ಅವಳ ಗೆಳೆಯರು ಒಂದು ಉಪಾಯ ಮಾಡಿದ್ದರು. ಎಲ್ಲರದೂ ಮುಗಿದ ಮೇಲೆ ಸಾಮಣ್ಣನನ್ನು ಕೂರಿಸಿ ಅವರ ಪಾದ ತೊಳೆಯಬೇಕು. ಮೂವರು ಹುಡುಗರು ನಗುತ್ತಾ ಅವರನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದರು.

"ಬೇಡ ತಂಬಿ, ನಂದು ಆಮೇಲೆ."

"ಈಗಲೇ ಆಮೇಲೆ ಅಂಕಲ್, ಎಲ್ಲಾರ್ದೂ ಆಯ್ತು!" ಎಂದು ಪ್ರಿಯಾ ಮೊಣಕಾಲೂರಿ ಅವರ ಕಪ್ಪು ಶೂವಿನ ದಾರಕ್ಕೆ ಕೈ ಹಾಕಿದಳು.

ಸಾಮಣ್ಣ ಅವಳ ಕೈ ಹಿಡಿದು ದೂಡಿದರು. "ಬೇಡ ಅಂದ್ನಲ್ಲ! ಹೇಳಿದ್ರೆ ಅರ್ಥ ಆಗಲ್ವಾ?"

ಅಂಥ ದನಿಯನ್ನು ನಾವು ಅವರ ಬಾಯಲ್ಲಿ ಕೇಳಿರಲಿಲ್ಲ. ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ನಿಲ್ಲಿಸಿಬಿಟ್ಟ. ಸಾಮಣ್ಣ ಎದ್ದು, ಬೇಸಿನ್ನು ಎತ್ತಿಕೊಂಡು, ಕೊಳೆ ನೀರು ಚೆಲ್ಲಲು ಹೊರಗೆ ಹೋದರು. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು. ಬೇಸಿನ್ನಿನ ಭಾರಕ್ಕೆ ಎಂದುಕೊಂಡೆವು.

ಈಸ್ಟರ್ ಭಾನುವಾರ ನಮ್ಮ ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಅದನ್ನೇ ಎತ್ತಿ ಹೇಳಿದರು. ಸೇವೆ ಮಾಡುವವನು ಸೇವೆ ಮಾಡಿಸಿಕೊಳ್ಳಲು ಎಷ್ಟು ನಾಚುತ್ತಾನೆ ನೋಡಿ, ಯುವಜನರೇ, ಇದು ನಿಜವಾದ ದೀನತೆ ಎಂದರು. ಸಭೆಯೆಲ್ಲ ಆಮೆನ್ ಎಂದಿತು. ನನ್ನ ಪಕ್ಕದಲ್ಲಿ ಸಾಮಣ್ಣನ ಹೆಂಡತಿ ಸಾರಕ್ಕ ಕೂತಿದ್ದರು. ಅವರು ಆಮೆನ್ ಎನ್ನಲಿಲ್ಲ.

"ದೀನತೇನಂತೆ" ಎಂದರು ನನ್ನ ಕಿವಿಯ ಹತ್ತಿರ. "ಊರೋರ ಕಾಲೆಲ್ಲ ತೊಳೀತಾರೆ ಸುಶೀಲಾ, ಮನೇಲಿ ನನ್ ಮುಂದೆ ಸಾಕ್ಸ್ ಬಿಚ್ಚಲ್ಲ. ಮಲಗೋವಾಗ್ಲೂ ಬಿಚ್ಚಲ್ಲ. ಏನೋ ವಾಸನೆ ಬರ್ತಿದೆ ಅಂದ್ರೆ ಇಲಿ ಸತ್ತಿರ್ಬೇಕು ಅಂತಾರೆ."

ಎಳೆದು ಹಾಕುತ್ತಿದ್ದ ಆ ಎಡಗಾಲು ನನಗೆ ನೆನಪಾಯಿತು. ಆರಾಧನೆ ಮುಗಿದ ಕೂಡಲೇ ನಾವಿಬ್ಬರೂ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದೆವು. ಸಾರಕ್ಕ ಗಂಡನ ಶೂ ತಾವೇ ಎಳೆದರು. ಹೆಬ್ಬೆರಳು ಕಪ್ಪಾಗಿತ್ತು. ಅಂಗಾಲಿನ ಗಾಯದ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಸಾಮಣ್ಣ ಗೋಡೆ ನೋಡುತ್ತಾ, ಚಿಕ್ಕ ಹುಡುಗನ ಹಾಗೆ, "ಬೇಸಿಗೆ ಶಿಬಿರ ಮುಗೀಲಿ, ಆಮೇಲೆ ತೋರಿಸೋಣ ಅಂತ ಇದ್ದೆ" ಎಂದರು.

ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ಆಮೇಲೆ ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿಯಿತು, ಆ ದಿನಗಳಲ್ಲಿ ಅಷ್ಟೇ ನಾನು ದೇವರಲ್ಲಿ ಬೇಡಿದ್ದು.

ಮನೆಗೆ ಬಂದ ಮೇಲೆ ಅವರು ಸಭೆಗೆ ಬರಲು ಒಪ್ಪಲಿಲ್ಲ. ಪ್ರತಿ ಭಾನುವಾರ ಹುಡುಗರು ಯಾರದೋ ಕಾರು ಕೇಳಿಕೊಂಡು ಭದ್ರಾವತಿಗೆ ಹೋಗುತ್ತಿದ್ದರು. ಮೆಟ್ಟಿಲು ಎತ್ತಿ ಹತ್ತಿಸುತ್ತೇವೆ, ಕುರ್ಚಿಯಲ್ಲಿ ಕೂರಿಸುತ್ತೇವೆ, ಸುಮ್ಮನೆ ಬನ್ನಿ ಅಂಕಲ್ ಎನ್ನುತ್ತಿದ್ದರು. "ಮುಂದಿನ ವಾರ ನೋಡೋಣ" ಎಂದು ಇವರು ಬಾಗಿಲಿನಿಂದಲೇ ಕಳುಹಿಸುತ್ತಿದ್ದರು. ಅಂಥ ದಿನ ಪ್ರಿಯಾ ಮನೆಗೆ ಬಂದು ಊಟ ಬೇಡ ಎನ್ನುತ್ತಿದ್ದಳು. "ನನ್ ಕೈ ದೂಡಿದ್ರಲ್ಲಮ್ಮ, ಅವತ್ತಿಂದ ನನ್ ಮುಖಾನೇ ಸರಿಯಾಗಿ ನೋಡಲ್ಲ ಅವ್ರು" ಎಂದಳು ಒಮ್ಮೆ. ಕಾಲು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿತು. ಸಾಮಣ್ಣ ಹೀಗೇ ಬಾಗಿಲು ಹಾಕಿಕೊಂಡು ಹೋಗಿಬಿಟ್ಟರೆ ಈ ಮಕ್ಕಳು ಆ ದೂಡಿದ ಕೈಯನ್ನೇ ಹೊತ್ತುಕೊಂಡು ಬದುಕಬೇಕಲ್ಲ.

ಒಂದು ಬುಧವಾರ ನಾನೂ ಪ್ರಿಯಾಳೂ ಬಸ್ಸು ಹತ್ತಿದೆವು. ಕೂರಲು ಜಾಗ ಸಿಕ್ಕಿತು. ದಾರಿಯಲ್ಲಿ ಸೋಗಾನೆಯ ನಿಲ್ದಾಣದ ಕಡೆಗೆ ವಿಮಾನವೊಂದು ಇಳಿಯುತ್ತಿತ್ತು, ಬಸ್ಸಿನವರೆಲ್ಲ ಕಿಟಕಿಗೆ ಬಗ್ಗಿದರು, ಅವಳು ಮಾತ್ರ ಕೈ ನೋಡುತ್ತಾ ಕೂತಿದ್ದಳು.

ಸಾಮಣ್ಣ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಹಳ ಇಳಿದುಹೋಗಿದ್ದರು. ಪ್ರಿಯಾ ಸಾರಕ್ಕನ ಜೊತೆ ಅಡುಗೆಮನೆಗೆ ಹೋದಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ, ಕೇಳಿಯೇಬಿಟ್ಟೆ.

"ಅಣ್ಣ, ಹುಡುಗ್ರನ್ನ ಯಾಕೆ ವಾಪಸ್ ಕಳಿಸ್ತೀರಿ?"

"ಅವ್ರು ನನ್ನ ಎತ್ಕೊಂಡು ಓಡಾಡ್ಬೇಕಾ ತಂಗಚ್ಚಿ? ನಾನು ಅವ್ರನ್ನ ಎತ್ತೋನು."

"ಅದು ದೀನತೆ ಅಲ್ಲಣ್ಣ. ಹೆಮ್ಮೆ."

ಅವರು ನನ್ನನ್ನು ನೋಡಿದರು. ಸಿಟ್ಟು ಬಂದಿರಬಹುದು. ನಾನು ನಿಲ್ಲಿಸಲಿಲ್ಲ.

"ಯೇಸುಸ್ವಾಮಿ ಬಾವಿ ಹತ್ರ ಕೂತು, ನೀರಿಗೆ ಬಂದ ಆ ಹೆಂಗಸನ್ನ ನೀರು ಕೇಳಿದ್ನಲ್ಲ. ನೀರನ್ನೇ ದ್ರಾಕ್ಷಾರಸ ಮಾಡಿದೋನಿಗೆ ಒಂದು ಗುಟುಕು ನೀರು ಕಷ್ಟಾನಾ? ಕೇಳ್ದ. ನಾನು ದಿನಾ ಕೊಡ ಎತ್ತಿಡೋಳು, ನಂಗೆ ಆ ಮಾತು ಕೇಳಿದಾಗೆಲ್ಲ ಅದೇ ಕಾಣೋದು. ನೀವು ಈ ಮಕ್ಕಳಿಗೆ ಕೊಡೋದು ಕಲ್ಸಿದ್ರಿ. ಅವ್ರ ಕೈಯಿಂದ ಇಸ್ಕೊಳ್ಳೋದು ಯಾರು ಕಲಿಸ್ತಾರೆ?"

ಸಾಮಣ್ಣ ಹೊದಿಕೆಯ ಅಂಚು ಎಳೆದು ಮೊಂಡು ಕಾಲಿನ ಮೇಲೆ ಹಾಕಿಕೊಂಡರು. ಬೀದಿಯಲ್ಲಿ ಮೀನಿನವನು ಕೂಗುತ್ತಾ ಹೋದ. ಹೆಚ್ಚು ಆಡಿಬಿಟ್ಟೆನೇನೋ ಎನಿಸಿತು. ಸಾರಕ್ಕ ಕಾಫಿ ತಂದರು, ಪ್ರಿಯಾ ಬಂದು ಬಾಗಿಲಿಗೆ ಒರಗಿ ನಿಂತಳು. ನಾವೆಲ್ಲ ಕಾಫಿ ಕುಡಿದೆವು. ಹೊರಡಲು ನಾನು ಚೀಲ ಎತ್ತಿಕೊಂಡಾಗ ಸಾಮಣ್ಣ ಕರೆದರು.

"ಪ್ರಿಯಾ."

"ಏನ್ ಅಂಕಲ್?"

"ಬೆಳಿಗ್ಗೆಯಿಂದ ಬೆನ್ನು ಕೆರೀತಾ ಇದೆ ಪಾಪು. ನನ್ ಕೈ ಎಟುಕ್ತಿಲ್ಲ." ಗೋಡೆಯ ಕಡೆ ನೋಡದೆ, ಅವಳನ್ನೇ ನೋಡಿ ಹೇಳಿದರು: "ಸ್ವಲ್ಪ ಕೆರೀತೀಯಾ?"

ಅವಳು ನನ್ನ ಮುಖ ನೋಡಿದಳು. ಆಮೇಲೆ ಹೋಗಿ ಮಂಚದ ಅಂಚಿನಲ್ಲಿ ಕೂತು ಅವರ ಬನಿಯನ್ನಿನ ಮೇಲೆ ಕೈಯಿಟ್ಟಳು.

"ಇನ್ನೂ ಮೇಲೆ. ಬಲಕ್ಕೆ. ಅಯ್ಯೋ, ಅದು ನನ್ ಬಲ ಅಲ್ಲ ಪಾಪು, ನಿನ್ ಬಲ. ಹಾಂ... ಹಾಂ, ಅಲ್ಲೇ. ಜೋರಾಗಿ ಕೆರಿ, ಏನ್ ಹೂವು ಪೋಣಿಸ್ತಿದ್ದೀಯಾ?"

ಪ್ರಿಯಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕೆರೆಯುವುದನ್ನು ನಿಲ್ಲಿಸಲಿಲ್ಲ. ಸಾಮಣ್ಣ ಕಣ್ಣು ಮುಚ್ಚಿ ತಲೆ ತಗ್ಗಿಸಿ ಕೂತಿದ್ದರು. ಸಾರಕ್ಕ ಖಾಲಿ ಲೋಟಗಳನ್ನು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಆ ಸಂಜೆಯ ಬಸ್ಸು ನಮಗೆ ತಪ್ಪಿಹೋಯಿತು. ಹೋಗಲಿ ಎನಿಸಿತು.

ಭಾನುವಾರ ಕಾರು ತನ್ನಿ ಎಂದು ಹುಡುಗರಿಗೆ ಅವರೇ ಫೋನು ಮಾಡಿಸಿದ್ದರು. ಶನಿವಾರ ಬೆಳಿಗ್ಗೆ ಎದೆನೋವು ಬಂದು, ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ಆ ಒಂದು ಭಾನುವಾರ ಕೊಡಬಹುದಿತ್ತಲ್ಲ ಸ್ವಾಮಿ ಎಂದು ಈಗಲೂ ಒಮ್ಮೊಮ್ಮೆ ಒಲೆಯ ಮುಂದೆ ನಿಂತಾಗ ಕೇಳುತ್ತೇನೆ. ಬುಧವಾರ ಕೊಟ್ಟನಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಒಂದೊಂದು ದಿನ ಅದು ಸಾಕಾಗುತ್ತದೆ, ಒಂದೊಂದು ದಿನ ಸಾಕಾಗುವುದಿಲ್ಲ.

ಅಂತ್ಯಕ್ರಿಯೆಯ ಆರಾಧನೆಯಲ್ಲಿ ಅಯ್ಯನವರು ಸಾಮಣ್ಣನ ಸೇವೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹಿರಿಯರು ಮಾತಾಡಿದರು. ಯುವಜನರ ಪರವಾಗಿ ಪ್ರಿಯಾಳನ್ನು ಕರೆದರು. ಅವಳು ಮೈಕಿನ ಮುಂದೆ ನಿಂತು ಅದನ್ನು ತನ್ನ ಎತ್ತರಕ್ಕೆ ತಗ್ಗಿಸಿಕೊಂಡಳು.

"ಅಂಕಲ್ ನನ್ ಹತ್ರ ಒಂದು ಸಹಾಯ ಕೇಳಿದ್ರು" ಎಂದಳು. "ನಾನು ಮಾಡ್ದೆ."

ಅಷ್ಟೇ ಹೇಳಿ ಕೆಳಗಿಳಿದು ಬಂದಳು. ಏನು ಸಹಾಯ ಎಂದು ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸಾರಕ್ಕ ಮಾತ್ರ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು, ಅವಳ ಬಲಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು, ಪೆಟ್ಟಿಗೆ ಎತ್ತುವ ತನಕ ಬಿಡಲಿಲ್ಲ.