ಮೂರನೇ ಅಂತಸ್ತಿನ ಹಸಿರು ದೀಪ

ಚಳ್ಳಕೆರೆಯಲ್ಲಿ ನನ್ನದು ವೈರಿಂಗ್ ಕೆಲಸ. ಸಣ್ಣ ಕಟ್ಟಡಗಳಿಗೆ ಬೆಂಕಿ ಅಲಾರಂ ಕೂರಿಸುವುದನ್ನೂ ಕಲಿತಿದ್ದೆ. ಮೊಳಕಾಲ್ಮುರಿನ ಸೀರೆ ವ್ಯಾಪಾರಿಯೊಬ್ಬ ಕರೆಸಿದ. ಕೆಳಗೆ ಅಂಗಡಿ, ನಡುವೆ ಗೋದಾಮು, ಮೇಲೆ ಹೆಂಗಸರು ರೇಷ್ಮೆ ನೂಲು ಸುತ್ತುವ ಕೋಣೆ. ಅಂತಸ್ತಿಗೊಂದು ವೈರು ಎಳೆದು, ಹೊಗೆ ಗುರುತಿಸುವ ಡಿಟೆಕ್ಟರ್ ಜೋಡಿಸಿದೆ. ಪ್ಯಾನೆಲ್ ಮೇಲೆ ಅಂತಸ್ತಿಗೊಂದು ದೀಪ. ಹೊಗೆ ಎದ್ದರೆ ಅಲ್ಲಿಯ ದೀಪ ಕೆಂಪಗಾಗಿ ಗಂಟೆ ಹೊಡೆಯುತ್ತದೆ, ಇಲ್ಲದಿದ್ದರೆ ಹಸಿರು.

ತಿಂಗಳೊಳಗೆ ಫೋನ್ ಬಂತು. ಶುಕ್ರವಾರಗಳಂದು ಮೇಲಿನ ಕೋಣೆಯಲ್ಲಿ ಸಾಂಬ್ರಾಣಿ ಹಾಕಿದಾಗಲೆಲ್ಲ ಗಂಟೆ ಹೊಡೆದು ಗಿರಾಕಿಗಳು ಬೀದಿಗೆ ಓಡುತ್ತಿದ್ದರು.

"ಶಾಖಕ್ಕೆ ಮಾತ್ರ ಹೊಡೆಯೋ ಡಿಟೆಕ್ಟರ್ ತಂದು ಹಾಕ್ತೀನ್ರಿ, ಒಂದು ವಾರ ಬೇಕು" ಎಂದೆ.

"ಮದುವೆ ಸೀಸನ್ ಐತಪ್ಪ. ಮೇಲಿಂದು ಕಿತ್ತಾಕು. ಚೆಕ್ ಮಾಡೋಕೆ ಬಂದೋರಿಗೆ ದೀಪ ಹಸಿರಾಗೇ ಕಾಣ್ಬೇಕು."

ಅದರ ದಾರಿ ನನಗೆ ಗೊತ್ತಿತ್ತು. ವೈರಿನ ಕೊನೆಯಲ್ಲಿ ಚಿಕ್ಕದೊಂದು ರೆಸಿಸ್ಟರ್ ಇರುತ್ತದೆ. ಕರೆಂಟು ಅದರ ಮೂಲಕ ಹರಿಯುತ್ತಿರುವವರೆಗೂ ಪ್ಯಾನೆಲ್ ಎಲ್ಲ ಸರಿಯಿದೆಯೆಂದೇ ನಂಬುತ್ತದೆ. ಅದನ್ನು ಬಿಚ್ಚಿ ತಂದು ಪ್ಯಾನೆಲ್ ಒಳಗೇ ಬಿಗಿದೆ. ಮೇಲಿನ ವೈರಿಗೆ ಪ್ಯಾನೆಲ್ ಸಂಬಂಧ ತಪ್ಪಿತು, ದೀಪ ಮಾತ್ರ ಹಸಿರಾಗೇ ಉಳಿಯಿತು. ಐದು ನಿಮಿಷದ ಕೆಲಸ. ಆತ ಬೆನ್ನು ತಟ್ಟಿದ. ನನಗೆ ಹೆಮ್ಮೆಯಾಯಿತು. ಬರೆಯಲು ಈಗ ಅಸಹ್ಯವಾಗುತ್ತದೆ.

ಮರುತಿಂಗಳು ಒಂದು ಮಧ್ಯಾಹ್ನ ಮೇಲಿನ ಫ್ಯಾನಿನ ವೈರು ಸುಟ್ಟು ಕಿಡಿ ರಟ್ಟಿನ ಡಬ್ಬಿಗಳ ಮೇಲೆ ಬಿತ್ತು. ಉಳಿದವರು ಊಟಕ್ಕೆ ಇಳಿದಿದ್ದರು. ವಯಸ್ಸಾದ ಹೆಂಗಸೊಬ್ಬಳು ಅಲ್ಲೇ ಮಲಗಿದ್ದಳು. ಎಚ್ಚರವಾದಾಗ ಬಾಗಿಲು ಉರಿಯುತ್ತಿತ್ತು. ಎರಡೂ ಕೈಯಿಂದ ತಳ್ಳಿ ಹೊರಬಿದ್ದಳು.

ಆಸ್ಪತ್ರೆಗೆ ಹೋದೆ. ಅವಳ ಎರಡೂ ಕೈಗೆ ಬ್ಯಾಂಡೇಜು. ನನ್ನನ್ನು ಕಂಡು ಅವಳೇ ಸಂಕೋಚಪಟ್ಟಳು.

"ನೀನು ಗಂಟೆ ಹಾಕಿದ್ದಿ ಕಣಪ್ಪ. ನಂಗೇ ಕೇಳ್ಸಲಿಲ್ಲ. ಹಾಳು ನಿದ್ದೆ."

"ಹ್ಞೂಂ" ಎಂದೆ. ಅಷ್ಟನ್ನೇ ಹೇಳಿ ಎದ್ದು ಬಂದೆ.

ನಾಲ್ಕು ದಿನ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ಮತ್ತೆ ಹೋಗಿ, ಗಂಟೆ ಹೊಡೆಯಲೇ ಇಲ್ಲ, ತಪ್ಪಿಸಿದವನು ನಾನೇ ಎಂದು ಹೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. "ಇನ್ನು ಬರ್ಬ್ಯಾಡ್ರಿ" ಎಂದಳು ಅವಳ ಮಗಳು.

ಬೆಂಕಿಯ ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆಯೂ ಒಪ್ಪಿಕೊಂಡೆ. ವ್ಯಾಪಾರಿ ಅವರೆದುರೇ ನನ್ನ ಮೇಲೆ ಹರಿಹಾಯ್ದ: "ಸದ್ದು ನಿಲ್ಸು ಅಂದಿದ್ದೆ ಕಣಲೇ, ಮೋಸ ಮಾಡು ಅಂದಿದ್ನೇನು?"

ರೆಸಿಸ್ಟರ್ ಬಿಗಿದ ಕೈ ನನ್ನದು, ಅಲಾರಂ ಸರಿಯಿದೆಯೆಂದು ಕೊಟ್ಟ ಕಾಗದದ ಮೇಲಿನ ಸಹಿಯೂ ನನ್ನದು. ನನ್ನ ಪರವಾನಗಿ ಹೋಯಿತು. ಅವನ ಅಂಗಡಿ ದಸರೆಗೆ ಸುಣ್ಣಬಣ್ಣ ಬಳಿದುಕೊಂಡು ತೆರೆಯಿತು. ಆ ಹೆಂಗಸಿನ ಸುಟ್ಟ ಬೆರಳುಗಳು ಒಂದಕ್ಕೊಂದು ಕೂಡಿಕೊಂಡಿವೆ. ನೂಲು ಹಿಡಿಯಲು ಆಗುವುದಿಲ್ಲವಂತೆ.