ಆಪರೇಷನ್ ಮೇಜಿನಿಂದ ಎಬ್ಬಿಸಿದ ಗಣಹೋಮದ ಪ್ರಸಾದ

ಭಕ್ತ ಬಂಧುಗಳಿಗೆ ನಮಸ್ಕಾರ. ನಾನು ಕಾಸರಗೋಡು–ಬದಿಯಡ್ಕ ದಾರಿಯಲ್ಲಿ ಓಡುವ ಖಾಸಗಿ ಬಸ್ಸೊಂದರ ಕಂಡಕ್ಟರ್. ಮನೆ ನೆಕ್ರಾಜೆ. ನನ್ನ ಕಷ್ಟವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆ ನಾಚಿಕೆಯೇ ನನ್ನ ಜೀವ ತೆಗೆಯುವುದರಲ್ಲಿತ್ತು, ಆದ್ದರಿಂದ ಹೇಳಿಯೇ ಬಿಡುತ್ತೇನೆ. ಹೈಸ್ಕೂಲಿನ ದಿನಗಳಿಂದಲೇ ನನ್ನ ಎದೆ ಹೆಂಗಸರ ಎದೆಯಂತೆ ಬೆಳೆದಿತ್ತು.

ಬಸ್ಸಿನಲ್ಲಿ ತೊಂದರೆ ಇರಲಿಲ್ಲ. ಟಿಕೆಟಿನ ಬ್ಯಾಗನ್ನು ಎದೆಗೆ ಅಡ್ಡ ಹಾಕಿಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ. ತೊಂದರೆ ಇದ್ದದ್ದು ದೇವರ ಎದುರು. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಬನಿಯನು ಕಳಚಿಯೇ ಒಳಗೆ ಹೋಗಬೇಕಲ್ಲ! ಒಮ್ಮೆ ನಮ್ಮೂರಿನ ಗಣಪತಿ ದೇವಸ್ಥಾನದ ಅಂಗಳದಲ್ಲಿ ನನ್ನ ಓರಗೆಯವರು ನನ್ನನ್ನು ನೋಡಿ ನಕ್ಕರು. ಆಮೇಲೆ ನಾನು ಒಳಗೆ ಕಾಲಿಡಲಿಲ್ಲ. ಕೇಳಿದವರಿಗೆ ಡ್ಯೂಟಿ ಎನ್ನುತ್ತಿದ್ದೆ, ಇಲ್ಲದಿದ್ದರೆ ಸೂತಕ ಎನ್ನುತ್ತಿದ್ದೆ. ಊರಲ್ಲಿ ಯಾರು ಸತ್ತರೂ ಸೂತಕ ನನಗೇ! ಅಮ್ಮ ಒಳಗೆ ಹೋಗಿ ಪ್ರಸಾದ ತರುವವರೆಗೆ ಹೊರಗಿನ ಕಟ್ಟೆಯ ಬಳಿ ನಿಂತು, “ದೇವರೇ, ಒಂದು ದಿನ ನಿನ್ನ ಎದುರಿಗೆ ನಿಲ್ಲುವ ಹಾಗೆ ಮಾಡು” ಎಂದು ಬೇಡಿಕೊಳ್ಳುತ್ತಿದ್ದೆ.

ಕಳೆದ ವರ್ಷ ಮದುವೆ ನಿಶ್ಚಯವಾಯಿತು. ಹುಡುಗಿ ರಮ್ಯ, ಹೊಸಂಗಡಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ದೀಪಾವಳಿ ಕಳೆದ ಮೇಲೆ ನಮ್ಮೂರಿನ ದೇವಸ್ಥಾನದಲ್ಲೇ ಮದುವೆ ಎಂದು ಹಿರಿಯರು ಮಾತಾಡಿಕೊಂಡರು. ಎಲ್ಲರೂ ಸಂತೋಷಪಡುತ್ತಿದ್ದರೆ ನನಗೆ ಒಂದೇ ಚಿಂತೆ. ಮದುಮಗ ಕಟ್ಟೆಯ ಬಳಿ ನಿಂತು ತಾಳಿ ಕಟ್ಟಲಿಕ್ಕಾಗುತ್ತದೆಯೇ?

ಆಗ ಮೊಬೈಲಿನಲ್ಲಿ ಒಂದು ಸೌಂದರ್ಯ ಚಿಕಿತ್ಸಾಲಯದ ಜಾಹೀರಾತು ಕಂಡಿತು. ಬೆಳಿಗ್ಗೆ ಹೋದರೆ ಸಂಜೆ ಮನೆಗೆ, ಗಂಡಸರ ಎದೆ ಮಟ್ಟಸ. ಫೋನು ಮಾಡಿ, ಮದುವೆಯ ಮೊದಲು ಆಗಬೇಕು ಎಂದೆ. “ಬೆಳಿಗ್ಗೆ ಬೇಗ ಬನ್ನಿ, ಬಾಕಿಯೆಲ್ಲ ಇಲ್ಲಿ ನೋಡುವ” ಎಂದರು. ನವರಾತ್ರಿ ಕಳೆದ ವಾರವೇ ದಿನ ಸಿಕ್ಕಿತು. ಮನೆಯಲ್ಲಿ ಅಮ್ಮನಿಗೆ ಮಾತ್ರ ಹೇಳಿದೆ.

ಆ ದಿನ ಬೆಳಕು ಹರಿಯುವ ಮೊದಲೇ ಅಮ್ಮ ನನ್ನ ಹೆಸರಿನಲ್ಲಿ ಗಣಹೋಮ ಮಾಡಿಸಿದರು. ನಾನು ಎಂದಿನಂತೆ ಹೊರಗೆ. ಆಪರೇಷನ್ನಿಗೆ ಹೊಟ್ಟೆ ಖಾಲಿ ಇರಬೇಕೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಸೋದರಮಾವ ಒಂದು ಗ್ಲಾಸು ಚಹಾ ಕುಡಿದು ಹರ್ನಿಯಾ ಆಪರೇಷನ್ನಿಗೆ ಹೋಗಿ ಡಾಕ್ಟರರಿಂದ ಚೆನ್ನಾಗಿ ಬೈಸಿಕೊಂಡು ವಾಪಸು ಬಂದಿದ್ದರು. ಮೈಮರೆತಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವವೇ ಹೋಗಬಹುದಂತೆ. ಹಾಗಾಗಿ ನಾನು ನೀರು ಕೂಡ ಮುಟ್ಟಿರಲಿಲ್ಲ. ಆದರೆ ಅಮ್ಮ ಬಾಳೆ ಎಲೆಯಲ್ಲಿ ತಂದ ಪ್ರಸಾದವನ್ನು, ಅಂದರೆ ಅರಳು, ಬೆಲ್ಲ, ತೆಂಗಿನಕಾಯಿಗೆ ಧಾರಾಳ ತುಪ್ಪ ಹಾಕಿ ಕಲಸಿದ್ದನ್ನು, ಪೂರ್ತಿ ತಿಂದೆ. ಪ್ರಸಾದವನ್ನು ಊಟದ ಲೆಕ್ಕಕ್ಕೆ ಯಾರಾದರೂ ಸೇರಿಸುತ್ತಾರೆಯೇ? ನನಗಂತೂ ಹೊಳೆಯಲೇ ಇಲ್ಲ.

ಮೊದಲ ಬಸ್ಸು ಹಿಡಿದು ಹೋದೆವು. ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ಆ ಚಿಕಿತ್ಸಾಲಯ. ಎಸಿ, ಕನ್ನಡಿ, ಮೆತ್ತನೆಯ ಸೋಫಾ, ಎಲ್ಲ ಉಂಟು. ರಕ್ತ ಪರೀಕ್ಷೆ ಇಲ್ಲ, ಬಿಪಿ ನೋಡಲಿಲ್ಲ, ಏನು ತಿಂದಿದ್ದೀಯೆಂದೂ ಕೇಳಲಿಲ್ಲ. ಹಸಿರು ಗೌನು ಹಾಕಿಸಿ ಮೇಜಿನ ಮೇಲೆ ಮಲಗಿಸಿದರು. ಒಬ್ಬ ಹೆಂಗಸು ಸಿರಿಂಜು ತುಂಬಿಸುತ್ತಿದ್ದಳು. ನಾನು ಕಣ್ಣು ಮುಚ್ಚಿ, “ಗಣಪತಿ ದೇವರೇ, ನನ್ನನ್ನು ನೋಡಿಕೋ” ಎಂದೆ.

ಆಗ ಬಂತು ನೋಡಿ, ಒಂದು ತೇಗು! ತುಪ್ಪ ಬೆಲ್ಲದ ಘಮಘಮ ತೇಗು. ಮಾವನ ಚಹಾ ನೆನಪಾಗಿ ಎದ್ದು ಕುಳಿತೆ.

“ಅಕ್ಕಾ, ನಾನು ಪ್ರಸಾದ ತಿಂದಿದ್ದೇನೆ. ಹೊಟ್ಟೆ ತುಂಬ.”

“ಸಾರ ಇಲ್ಲ, ಅಡ್ಡಿ ಇಲ್ಲ,” ಎಂದಳು ಅವಳು ತಿರುಗಿಯೂ ನೋಡದೆ. “ಪೂರ್ತಿ ನಿದ್ರೆ ಬರುವ ಇಂಜೆಕ್ಷನ್ ಅಷ್ಟೇ. ಎಂತ ಆಗುದಿಲ್ಲ.”

“ಅರಿವಳಿಕೆ ಡಾಕ್ಟ್ರು ಎಲ್ಲಿದ್ದಾರೆ?”

“ಅದಕ್ಕೆಲ್ಲ ಬೇರೆ ಡಾಕ್ಟ್ರು ಎಂತಕ್ಕೆ? ನಾವೇ ಕೊಡ್ತೇವೆ.”

“ಹಾಗಾದ್ರೆ ಆಪರೇಷನ್ ಮಾಡುವ ಡಾಕ್ಟ್ರ ಹೆಸರೆಂತ?”

“ಸಾರ್ ಬರ್ತಾರೆ. ನಿಮಗೆ ಎಂತ ಇಷ್ಟು ಸಂಶಯ? ಇವತ್ತು ಬಿಟ್ರೆ ಮದುವೆಯ ಮೊದಲು ಬೇರೆ ಡೇಟ್ ಸಿಗ್ಲಿಕ್ಕಿಲ್ಲ.”

ಮದುವೆಯ ಹೆಸರು ಕೇಳಿ ಒಂದು ಗಳಿಗೆ ಮನಸ್ಸು ಜಾರಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಗ್ಲಾಸು ಚಹಾಕ್ಕೆ ಸರಕಾರಿ ಆಸ್ಪತ್ರೆಯವರು ಮಾವನನ್ನು ವಾಪಸು ಕಳಿಸಿದ್ದರು. ಇಲ್ಲಿ ಹೊಟ್ಟೆ ತುಂಬ ಪ್ರಸಾದ ಉಂಟೆಂದರೂ ಕೇಳುವವರಿಲ್ಲ. ಹೆಸರಿಲ್ಲದ ಡಾಕ್ಟರ ಕೈಗೆ ಮೈ ಕೊಡುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿ ಮೇಜಿನಿಂದ ಇಳಿದೆ.

ಹೊರಗೆ ಕುಳಿತಿದ್ದ ಅಮ್ಮ ಬೆರಗಾದರು. “ಎಂತ ಮಗಾ, ಇಷ್ಟು ಬೇಗ ಮುಗೀತಾ?”

ವಿಷಯ ತಿಳಿದು ಅವರು ಹಣೆ ಚಚ್ಚಿಕೊಂಡರು. “ಪ್ರಸಾದಕ್ಕೂ ಪಥ್ಯ ಉಂಟೂಂತ ನನಗೆ ಎಂತ ಗೊತ್ತು? ನನ್ನ ಕೈಯಿಂದಲೇ ಕೆಲಸ ಕೆಟ್ಟಿತಲ್ಲ!”

ಅಲ್ಲಿಂದ ಮನೆಯ ಬಸ್ಸು ಹತ್ತಿದೆವು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಇಷ್ಟು ವರ್ಷ ಬೇಡಿದ ದೇವರು ಕೊನೆಗೆ ಇದ್ದ ಒಂದು ಬಾಗಿಲನ್ನೂ ಮುಚ್ಚಿದನಲ್ಲ ಎಂದು ಅವನ ಮೇಲೆಯೇ ಸಿಟ್ಟು ಬಂತು.

ಸಿಟ್ಟು ಇಳಿದ ಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ಅಲ್ಲಿನ ಪ್ಲಾಸ್ಟಿಕ್ ಸರ್ಜನ್, ನಡುವಯಸ್ಸಿನ ಒಬ್ಬ ಡಾಕ್ಟರಮ್ಮ, ಎದೆ ಮುಟ್ಟಿ ನೋಡಿದರು. ಯಾವ ಯಾವ ಮದ್ದು ತಿಂದಿದ್ದೀರಿ ಎಂದು ಕೇಳಿದರು. ಎದೆ ಕರಗುತ್ತದೆಂದು ಯಾರೋ ಕೊಟ್ಟ ಪುಡಿಯ ಸಂಗತಿ ಹೇಳಿದೆ. “ಅದನ್ನು ಇವತ್ತೇ ನಿಲ್ಲಿಸಿ. ಮೊದಲು ರಕ್ತ ನೋಡುವ, ಸ್ಕ್ಯಾನ್ ಮಾಡುವ. ಕಾರಣ ಗೊತ್ತಾಗದೆ ಕತ್ತಿ ಹಿಡೀಲಿಕ್ಕಿಲ್ಲ. ಆಪರೇಷನ್ ಆದ ಮೇಲೂ ಕೆಲವು ವಾರ ಬಿಗಿ ಬನಿಯನು ತೆಗೀಲಿಕ್ಕಿಲ್ಲ.”

“ಮದುವೆ ಉಂಟು ಡಾಕ್ಟ್ರೇ, ಮುಂದಿನ ತಿಂಗಳು.”

“ತಾಳಿ ಕಟ್ಲಿಕ್ಕೆ ಕೈ ಸಾಕಲ್ಲ ಮಾರಾಯ್ರೇ! ಮದುವೆ ಮುಗಿಸಿ ಬನ್ನಿ.”

ವಾಪಸು ಬರುವಾಗ ಹೊಸಂಗಡಿಯಲ್ಲಿ ಇಳಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅಂಗಡಿಯ ಹೊರಗೆ ರಮ್ಯಳನ್ನು ಕರೆದು ಎಲ್ಲವನ್ನೂ ಹೇಳಿದೆ. ಬೇಡವೆನಿಸಿದರೆ ಈಗಲೇ ಹೇಳಬಹುದು ಎಂದೂ ಹೇಳಿದೆ.

“ದೇವಸ್ಥಾನಕ್ಕೆ ಜನ ಬರುದು ದೇವರನ್ನು ನೋಡ್ಲಿಕ್ಕಲ್ವಾ? ನಿಮ್ಮನ್ನು ಯಾರು ನೋಡ್ತಾರೆ?” ಎಂದಳು. ಮತ್ತೆ ತಲೆ ತಗ್ಗಿಸಿ, “ನೋಡಿದ್ರೆ ನಾನು ನೋಡಬೇಕು. ನನಗೆ ಎಂತದೂ ಇಲ್ಲ” ಎಂದಳು.

ಮದುವೆಯ ದಿನ ಬಾಗಿಲಲ್ಲಿ ನಿಂತು ಅಂಗಿ ಕಳಚಿದೆ, ಬನಿಯನನ್ನೂ ಕಳಚಿದೆ. ಕೈ ತಾನಾಗಿ ಎದೆಯ ಮೇಲೆ ಇಲ್ಲದ ಟಿಕೆಟ್ ಬ್ಯಾಗನ್ನು ಹುಡುಕಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ನಗಲಿ ಎಂದುಕೊಂಡು ಒಳಗೆ ಕಾಲಿಟ್ಟೆ. ದೀಪದ ಬೆಳಕಿನಲ್ಲಿ ಗಣಪತಿ, ಹೇಗಿದ್ದನೋ ಹಾಗೆಯೇ ಇದ್ದ, ಹೊಟ್ಟೆ ಬಿಟ್ಟುಕೊಂಡು, ಯಾರ ಮುಲಾಜೂ ಇಲ್ಲದೆ. ನನಗೆ ಅಳು ತಡೆಯಲಾಗಲಿಲ್ಲ. ಎದುರಿಗೆ ನಿಲ್ಲುವ ಹಾಗೆ ಮಾಡು ಎಂದಷ್ಟೇ ನಾನು ಬೇಡಿದ್ದೆ. ಎದೆ ಸರಿಯಾದ ಮೇಲೆಯೇ ಬರಬೇಕೆಂದು ಹಟ ಹಿಡಿದವನು ನಾನು, ಅವನಲ್ಲ.

ಹಾಗಾದರೆ ಆಪರೇಷನ್ ಬೇಡವಾಯಿತೇ ಎಂದು ಕೇಳುತ್ತೀರಿ. ಇಲ್ಲ, ಮಾಡಿಸಿಕೊಂಡೆ. ಈಜಬೇಕು, ಸೆಕೆಗೆ ಬರಿಮೈಯಲ್ಲಿ ಜಗಲಿಯಲ್ಲಿ ಕೂರಬೇಕು ಎಂಬ ಆಸೆ ನನಗೂ ಇತ್ತು. ಪರೀಕ್ಷೆಗಳೆಲ್ಲ ಸರಿ ಬಂದ ಮೇಲೆ, ಮಕರ ಸಂಕ್ರಮಣ ಕಳೆದು, ಅದೇ ಡಾಕ್ಟರಮ್ಮನ ಕೈಯಲ್ಲಿ. ಅರಿವಳಿಕೆ ಡಾಕ್ಟರು ಹಿಂದಿನ ದಿನವೇ ಬಂದು ಹೆಸರು ಹೇಳಿ, ಒಂದೊಂದಾಗಿ ಎಲ್ಲ ವಿಚಾರಿಸಿದರು. ನಾನೂ ಬಿಡದೆ ಕೇಳಿದೆ: ರಕ್ತ ಹೋದರೆ ಏನು ಮಾಡುತ್ತೀರಿ, ಮನೆಗೆ ಹೋದ ಮೇಲೆ ಜ್ವರ ಬಂದರೆ ಯಾರಿಗೆ ಫೋನು ಮಾಡಬೇಕು? ಅವರು ಬೇಸರಪಡಲಿಲ್ಲ. ನನ್ನಂತೆ ಮೈಯನ್ನು ತಿದ್ದಿಸಿಕೊಳ್ಳಲು ಹೊರಟವರು ನಿಮ್ಮಲ್ಲಿಯೂ ಇರಬಹುದು. ನಾಚಿಕೆಗೆ ಹೆದರಿ ಕದ್ದುಮುಚ್ಚಿ ಹೋಗಬೇಡಿ, ಕೇಳಿ. ಉತ್ತರ ಕೊಡದವರ ಮೇಜಿನಿಂದ ಇಳಿದು ಬನ್ನಿ. ಇಳಿಯುವ ಧೈರ್ಯವನ್ನು ದೇವರು ಕೊಡುತ್ತಾನೆ, ನನಗೆ ಕೊಟ್ಟಿದ್ದಾನೆ.

ಆ ಆಪರೇಷನ್ನಿನ ಬೆಳಿಗ್ಗೆಯೂ ಅಮ್ಮ ಗಣಹೋಮ ಮಾಡಿಸಿದ್ದರು. ಆದರೆ ಈ ಸಲ ಪ್ರಸಾದ ಸ್ಟೀಲಿನ ಡಬ್ಬದಲ್ಲಿ, ಡಬ್ಬ ರಮ್ಯಳ ಮಡಿಲಲ್ಲಿ. ಆಪರೇಷನ್ ಮುಗಿದು ನನಗೆ ಎಚ್ಚರವಾಗಿ, ನೀರು ಕುಡಿದು, ಗಂಜಿಯೂ ಆದ ಮೇಲೆ ಅಮ್ಮ ನರ್ಸಮ್ಮನ ಹತ್ತಿರ ಹೋಗಿ, “ಈಗ ಕೊಡ್ಬಹುದಾ?” ಎಂದು ಕೇಳಿದರು. “ಕೊಡಿ ಅಮ್ಮ, ಇನ್ನು ಅಡ್ಡಿ ಇಲ್ಲ” ಎಂದಳು ಅವಳು.

ಕಣ್ಣಿಗೊತ್ತಿಕೊಂಡು ತಿಂದೆ. ಸ್ವಲ್ಪ ಹೊತ್ತಿಗೆ, ಅಂದು ಮೇಜಿನಿಂದ ಎಬ್ಬಿಸಿದ ಅದೇ ತುಪ್ಪ ಬೆಲ್ಲದ ತೇಗು ಬಂತು. ರಮ್ಯ ನಕ್ಕಳು. ಅಮ್ಮ ಮಾತ್ರ ನಗಲಿಲ್ಲ, ಎದ್ದು ನಿಂತು ಕೈ ಮುಗಿದರು.