ಬಣ್ಣ ಬಳಿಯದ ಪೆಟ್ಟಿಗೆಗಳು

ಸಿರಿಗೇರಿಯ ಪಕ್ಕೀರಮ್ಮ ಓದಿದ್ದು ಏಳನೇ ತರಗತಿ. ಬಳ್ಳಾರಿಯ ಹೊರಗಿನ ಕಬ್ಬಿಣದ ಕಾರ್ಖಾನೆಯಲ್ಲಿ ಹೆಲ್ಮೆಟ್ಟು, ಕೈಗವಸು, ಬೂಟುಗಳ ಸ್ಟೋರು ಅವಳ ವಶದಲ್ಲಿತ್ತು. ಹನ್ನೊಂದು ವರ್ಷದಲ್ಲಿ ಒಂದು ಕೈಗವಸೂ ಆಚೀಚೆಯಾಗಿರಲಿಲ್ಲ. ಬಾಯಿಯೂ ಅಷ್ಟೇ ಜೋರು. ಅದಕ್ಕೇ ಮೇಲಿನವರಿಗೆ ಅವಳೆಂದರೆ ಅಷ್ಟಕ್ಕಷ್ಟೆ.

ಕುಲುಮೆಯ ಬಳಿಯ ಗೋಡೆಗೆ ಆರು ಫೈಬರ್ ಪೆಟ್ಟಿಗೆ ಬಿಗಿದಿದ್ದರು. ಒಂದೊಂದರಲ್ಲಿ ಒಂದೊಂದು ಗ್ಯಾಸ್ ಮಾಸ್ಕು. ಗ್ಯಾಸ್ ಸೋರಿದರೆ ಪಾಳಿಯ ಆರು ಜನ ಓಡಿಬಂದು ಅವನ್ನೇ ಹಾಕಿಕೊಳ್ಳಬೇಕು. ಪ್ರತಿ ಆಯುಧಪೂಜೆಗೂ ಆ ಪೆಟ್ಟಿಗೆಗಳಿಗೆ ಹೊಸ ಬಣ್ಣ, ಮೇಲೆ ವಿಭೂತಿ, ಕುಂಕುಮ. ಹೊರಗೆ ಲಕಲಕ. ಒಳಗೇನಾಗಿದೆ ಎಂದು ಕೇಳುವ ಪುಣ್ಯಾತ್ಮ ಒಬ್ಬನಾದರೂ ಬೇಡವೇ!

ಈ ಸಲ ಹಬ್ಬದ ಹಿಂದಿನ ದಿನ ಬಣ್ಣದ ಡಬ್ಬಿ ಪಕ್ಕೀರಮ್ಮನ ಕೈಗೆ ಬಂತು. ಧೂಳು ಒರೆಸುತ್ತ ಒಂದು ಪೆಟ್ಟಿಗೆಯನ್ನು ಬೆರಳಗಂಟಿನಿಂದ ಬಡಿದಳು, ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬಡಿಯುವ ಹಾಗೆ. ಸದ್ದು ಒಡಕಾಗಿ ಬಂತು. ಹಳೆಯ ಬಣ್ಣ ಕೆರೆದರೆ, ಬೋಲ್ಟಿನ ಮೂಲೆಯಿಂದ ಹೊರಟ ಬಿರುಕು ಮುಚ್ಚಳದವರೆಗೂ ಹೋಗಿತ್ತು. ಕಾವಿಗೆ ಪೆಟ್ಟಿಗೆ ಹಿಗ್ಗಬೇಕು, ಬಿಗಿದ ಬೋಲ್ಟು ಬಿಡದು. ಬಿರಿಯದೆ ಏನು ಮಾಡೀತು, ಪಾಪ. ಆರನ್ನೂ ಕೆರೆದು ನೋಡಿದಳು. ನಾಲ್ಕು ಬಿರಿದಿದ್ದವು.

ಮೇಲ್ವಿಚಾರಕ ಕೊಟ್ಟೂರಪ್ಪನಿಗೆ ಹೇಳಿದರೆ ಸಿಡುಕಿದ. ನಾಳೆ ಯಜಮಾನರು ಪೂಜೆಗೆ ಬರುತ್ತಾರೆ, ಸುಮ್ಮನೆ ಬಣ್ಣ ಬಳಿ, ಹಟ ಹಿಡಿದರೆ ಹಬ್ಬ ಮುಗಿದ ಮೇಲೆ ಮನೆಯಲ್ಲೇ ಇರು ಎಂದ. ಪಕ್ಕೀರಮ್ಮನ ಮನೆ ನಡೆಯುತ್ತಿದ್ದುದೇ ಈ ಕೆಲಸದಿಂದ. ಆದರೂ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಬಿರಿದ ಪೆಟ್ಟಿಗೆಯಿಂದ ಕೆಂಧೂಳು ತುಂಬಿದ ಮಾಸ್ಕೊಂದನ್ನು ತೆಗೆದು ಅವನ ಮುಂದೆ ಹಿಡಿದಳು.

“ಪೂಜಿ ಆಮ್ಯಾಲ ರೀ ಸಾಹೇಬ್ರ. ಮೊದಲ ನೀವ ಇದನ್ನ ಹಾಕ್ಕೊಂಡು ನೋಡ್ರಿ.”

ಕೆಲಸ ಬಿಟ್ಟು ಪಾಳಿಯವರು ಸುತ್ತ ಬಂದು ನಿಂತರು. ಎಲ್ಲರೆದುರು ಹಿಂದೆ ಸರಿಯಲಾಗದೆ ಕೊಟ್ಟೂರಪ್ಪ ಮಾಸ್ಕನ್ನು ಮುಖಕ್ಕೆ ಇಟ್ಟುಕೊಂಡು ರಬ್ಬರ್ ಪಟ್ಟಿ ಎಳೆದ. ಅದು ಹಪ್ಪಳದಂತೆ ಮುರಿದು ಕೈಗೆ ಬಂತು. ಯಾರೂ ನಗಲಿಲ್ಲ. ಇಂಥ ಪೆಟ್ಟಿಗೆ ಎಷ್ಟಿವೆ ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

“ಪೆಟ್ಟಿಗಿ ಎಣಸಬ್ಯಾಡ್ರಿ. ನಾಕು ಮಂದಿ ಅನ್ರಿ.”

ಕೊಟ್ಟೂರಪ್ಪ ಪಾಳಿಯವರ ಮುಖ ನೋಡಿದ. ಹೊಸ ಮಾಸ್ಕು ಬರುವ ತನಕ ಕುಲುಮೆಯ ಗ್ಯಾಸಿನ ಕೆಲಸ ನಿಲ್ಲಿಸಿ ಎಂದು ಅಲ್ಲಿಂದಲೇ ಕಚೇರಿಗೆ ಫೋನು ಮಾಡಿದ. ಪಕ್ಕೀರಮ್ಮ ಆಗಲೇ ಪಾನಾ ಹಿಡಿದು ಬಿರಿದ ಪೆಟ್ಟಿಗೆಯ ಮೊದಲನೆಯ ಬೋಲ್ಟು ಬಿಚ್ಚುತ್ತಿದ್ದಳು.